ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ಕಾರು ಬಿಸಿಯಾಗುತ್ತದೆ, ಎಸಿಯೂ ತಣ್ಣಗಿರಲ್ಲ. ಯಾಕೆ?

ಬಹುಶಃ ರೇಡಿಯೇಟರ್ ಬಳಿಯ ಹೆಚ್ಚುವರಿ ಫ್ಯಾನ್ ತಿರುಗುತ್ತಿಲ್ಲ. ಕಾರು ಓಡುವಾಗ ಎದುರುಗಾಳಿಯೇ ರೇಡಿಯೇಟರ್ ಮತ್ತು ಎಸಿ ಕಂಡೆನ್ಸರ್‌ನ (ಎಸಿಯ ಬಿಸಿ ಹೊರಹಾಕುವ ಭಾಗ) ಬಿಸಿಯನ್ನು ಹೊತ್ತೊಯ್ಯುತ್ತದೆ. ನಿಂತಾಗ ಆ ಗಾಳಿ ಇರಲ್ಲ ಅಲ್ವಾ, ಅಷ್ಟೂ ಕೆಲಸ ಫ್ಯಾನಿನ ಮೇಲೇ ಬೀಳುತ್ತದೆ.

ಇಂಜಿನ್ ಚಾಲೂ ಇಟ್ಟು ಎಸಿ ಹಾಕಿ, ಬಾನೆಟ್ ಎತ್ತಿ ನೋಡಿ. ಹೆಚ್ಚಿನ ಕಾರುಗಳಲ್ಲಿ ಸ್ವಲ್ಪ ಹೊತ್ತಿಗೇ ಫ್ಯಾನ್ ಶುರುವಾಗಬೇಕು. ಇಲ್ಲವಾದರೆ ಮೊದಲು ಫ್ಯೂಸ್, ಆಮೇಲೆ ರಿಲೇ, ಅಂದರೆ ಫ್ಯಾನಿಗೆ ಕರೆಂಟ್ ಬಿಡುವ ಪುಟ್ಟ ಸ್ವಿಚ್, ನೋಡಿ. ಅದೇ ನಂಬರಿನ ಇನ್ನೊಂದು ರಿಲೇ ಹಾಕಿ ನೋಡಬಹುದು. ಎರಡು ತಂತಿಯ ಸಾದಾ ಫ್ಯಾನ್ ಆದರೆ ಪ್ಲಗ್ ಕಳಚಿ ಬ್ಯಾಟರಿಯಿಂದ ನೇರ 12 ವೋಲ್ಟ್ ಕೊಡಿ. ತಿರುಗಿತೇ? ಮೋಟರ್ ಸರಿಯಿದೆ, ಸುಮ್ನೆ ಹೊಸದು ಕೊಳ್ಳಬೇಡಿ. ವೈರಿಂಗ್, ಸೆನ್ಸರ್ ನೋಡಿಸಿ.

ಬೆರಳು ಮಾತ್ರ ದೂರವಿಡಿ. ಇಂಜಿನ್ ಆಫ್ ಆದಮೇಲೂ ಫ್ಯಾನ್ ತಟ್ಟನೆ ತಿರುಗಬಹುದು.