ಹತ್ತು ಜನ ಸ್ಟೇಕ್ ಊಟಕ್ಕೆ ಹೋಗುವಾಗ ಏನೇನು ಆರ್ಡರ್ ಮಾಡಬೇಕು?

ತಂಡದ ಹಿರಿಯರೊಬ್ಬರಿಗೆ ಬಡ್ತಿ ಸಿಕ್ಕ ಖುಷಿಗೆ ಹತ್ತು ಜನ ದೊಡ್ಡ ಸ್ಟೇಕ್‌ಹೌಸಿಗೆ ಹೊರಟಿದ್ದೀರಿ, ಏರ್ಪಾಡೆಲ್ಲ ನಿಮ್ಮ ಹೆಗಲಿಗೆ ಬಿದ್ದಿದೆ, ನೀವು ಈವರೆಗೆ ಸ್ಟೇಕ್ (ಗ್ರಿಲ್ಲಿನಲ್ಲಿ ಸುಟ್ಟ ದನದ ಮಾಂಸದ ದಪ್ಪ ತುಂಡು) ತಿಂದವರಲ್ಲ, ಜೊತೆಗೆ ಇಬ್ಬರು ಸಸ್ಯಾಹಾರಿಗಳು ಬೇರೆ ಇದ್ದಾರೆ ಅಂತ ಬರೆದಿದ್ದೀರಿ. ನಾನು ಆರು ವರ್ಷ ಇಂಥದೇ ಅಡುಗೆಮನೆಯಲ್ಲಿ ಗ್ರಿಲ್ ಮುಂದೆ ನಿಂತವನು. ನನ್ನ ಸಲಹೆ ಒಂದೇ: ತಲೆಗೊಂದು ಸ್ಟೇಕ್ ಹೇಳಬೇಡಿ. ಮೂಳೆಯಿರುವ ಎರಡು ದೊಡ್ಡ ತುಂಡು ಹೇಳಿ, ಅಡುಗೆಮನೆಯಲ್ಲೇ ಹೋಳು ಮಾಡಿ ತರಲು ಕೇಳಿ, ಎಲ್ಲರೂ ಹಂಚಿಕೊಂಡು ತಿನ್ನಿ.

ಯಾಕೆ ಅಂತ ಹೇಳುತ್ತೇನೆ. ಪ್ರತಿ ತುಂಡಿನ ದಪ್ಪ ಬೇರೆ, ಕೇಳಿದ ಹದ ಬೇರೆ, ಹಾಗಾಗಿ ಬೇಯಲು ಬೇಕಾದ ಹೊತ್ತೂ ಬೇರೆ. ವೆಲ್ ಡನ್, ಅಂದರೆ ಪೂರ್ತಿ ಬೆಂದದ್ದು, ಕೇಳಿದವರದನ್ನು ಮೊದಲು ಗ್ರಿಲ್ಲಿಗೆ ಹಾಕಿ, ರೇರ್, ಅಂದರೆ ಒಳಗೆ ಕೆಂಪಾಗಿಯೇ ಉಳಿದದ್ದು, ಕೇಳಿದವರದನ್ನು ಕೊನೆಗೆ ಹಾಕಿ, ಎಲ್ಲವೂ ಒಂದೇ ಹೊತ್ತಿಗೆ ಇಳಿಯುವ ಹಾಗೆ ನೋಡಿಕೊಳ್ಳಬೇಕು. ಎಂಟು ತುಂಡಿನಲ್ಲಿ ಒಂದರ ಲೆಕ್ಕ ತಪ್ಪಿದರೂ ಉಳಿದ ಏಳು ಆರುತ್ತಾ ಕೂರುತ್ತವೆ.

ನನ್ನ ಅಕ್ಕನಿಗೆ ಪಿಎಚ್‌ಡಿ ಬಂದಾಗ ನಾವು ಹನ್ನೊಂದು ಜನ ಹೀಗೇ ಹೋಗಿದ್ದೆವು. ಹನ್ನೊಂದು ಸ್ಟೇಕ್, ನಾಲ್ಕು ಬಗೆಯ ಹದ. ಅಕ್ಕನ ತಟ್ಟೆಗೆ ಬಂದದ್ದು ಅವಳು ಕೇಳಿದ ಹದವಲ್ಲ, ವಾಪಸು ಕಳಿಸಬೇಕಾಯಿತು. ನಾವೆಲ್ಲ ಫೋರ್ಕ್ ಕೆಳಗಿಟ್ಟು ಕಾದೆವು. 'ಶುರು ಮಾಡ್ರೋ, ತಣ್ಣಗಾಗುತ್ತೆ' ಅಂತ ಅವಳೇ ಬೇಡಿಕೊಂಡಳು. ಅವಳದು ಬರುವ ಹೊತ್ತಿಗೆ ನಮ್ಮ ತಟ್ಟೆ ಖಾಲಿ. ತನಗಾಗಿ ಏರ್ಪಾಡಾದ ಊಟವನ್ನು ಅವಳು ಒಬ್ಬಳೇ, ಗಡಿಬಿಡಿಯಲ್ಲಿ ಮುಗಿಸಿದಳು. ಆ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ದೊಡ್ಡ ತುಂಡುಗಳಲ್ಲಿ ಎರಡು ಹೆಸರು ತಿಳಿದಿದ್ದರೆ ಸಾಕು. ಟೋಮಹಾಕ್ ಅಂದರೆ ಉದ್ದನೆಯ ಪಕ್ಕೆಲುಬನ್ನು ಹಾಗೇ ಬಿಟ್ಟ ರಿಬ್‌ಐ (ಪಕ್ಕೆಲುಬಿನ ಭಾಗದ ತುಂಡು). ಮಾಂಸದ ಎಳೆಗಳ ನಡುವೆ ನೆಣ ಹರಡಿಕೊಂಡಿರುತ್ತದೆ, ರುಚಿಯೆಲ್ಲ ಅಲ್ಲಿಯೇ. ಪೋರ್ಟರ್‌ಹೌಸ್‌ನಲ್ಲಿ ಟಿ ಆಕಾರದ ಮೂಳೆಯ ಒಂದು ಬದಿಗೆ ಸ್ಟ್ರಿಪ್ ಎಂಬ ಬೆನ್ನಿನ ಮಾಂಸ, ಇನ್ನೊಂದು ಬದಿಗೆ ಟೆಂಡರ್‌ಲಾಯ್ನ್ ಎಂಬ ಮೃದುವಾದ ಒಳಮಾಂಸ. ಒಂದೇ ತುಂಡಿನಲ್ಲಿ ಎರಡು ರುಚಿ ಸಿಗುವುದರಿಂದ ಗುಂಪಿಗೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಒಂದು ಟೋಮಹಾಕ್, ಒಂದು ಪೋರ್ಟರ್‌ಹೌಸ್, ಎರಡೂ ಒಂದು ಕೆಜಿಗಿಂತ ಮೇಲಿರಲಿ. ಪಕ್ಕದ ಪದಾರ್ಥಗಳ ಜೊತೆ ಎಂಟು ಜನಕ್ಕೆ ಧಾರಾಳ. ಮೆನುವಿನಲ್ಲಿ ಬರೆದಿರುವುದು ಹಸಿ ಮಾಂಸದ ತೂಕ, ಅದರಲ್ಲಿ ಮೂಳೆಯೂ ಸೇರಿರುತ್ತದೆ ಎನ್ನುವುದು ನೆನಪಿರಲಿ. ಬೇಯುವಾಗ ಇನ್ನಷ್ಟು ಇಳಿಯುತ್ತದೆ. ಮೊದಲ ಸಲ ಹೋದವರು ಹೆಸರು ಕೇಳಿ ಫಿಲೆ ಮಿನ್ಯೋನ್ ಆರಿಸುತ್ತಾರೆ. ಅದು ಟೆಂಡರ್‌ಲಾಯ್ನಿನಿಂದಲೇ ಕೊಯ್ದ ತುಂಡು, ದನ ಹೆಚ್ಚು ಬಳಸದ ಸ್ನಾಯು, ಬೆಣ್ಣೆಯಂತೆ ಮೃದು, ಆದರೆ ನೆಣ ಕಡಿಮೆ, ಹಾಗಾಗಿ ರುಚಿಯೂ ಸೌಮ್ಯ. ಅಷ್ಟು ದುಡ್ಡು ಕೊಟ್ಟು ಅದೊಂದನ್ನೇ ತಿನ್ನಿ ಅಂತ ನಾನು ಹೇಳಲಾರೆ.

ಹದದ ಮಾತು. ಒಳಗಿನ ಬಿಸಿ 55 ಡಿಗ್ರಿ ಸೆಲ್ಸಿಯಸ್ ಆಸುಪಾಸಿದ್ದರೆ ಮೀಡಿಯಂ ರೇರ್, 60ರ ಸುತ್ತ ಮೀಡಿಯಂ, 70 ದಾಟಿದರೆ ವೆಲ್ ಡನ್. ಪೋರ್ಟರ್‌ಹೌಸನ್ನು ಮೀಡಿಯಂ ರೇರ್ ಹೇಳಿ, ಟೋಮಹಾಕನ್ನು ಮೀಡಿಯಂ ಹೇಳಿ. ರಿಬ್‌ಐನ ನೆಣ ಕರಗಲು ಆ ಹೆಚ್ಚಿನ ಬಿಸಿ ಬೇಕು. ಹೋಳು ಮಾಡಿ ತಂದಾಗ ಅಂಚಿನವು ಹೆಚ್ಚು ಬೆಂದಿರುತ್ತವೆ, ನಡುವಿನವು ನಸುಗೆಂಪಾಗಿರುತ್ತವೆ. ಯಾರಿಗೆ ಯಾವುದು ಬೇಕೋ ಆರಿಸಿಕೊಳ್ಳಬಹುದು. ಕೆಂಪು ರಸ ಕಂಡು ಯಾರಾದರೂ ಹಿಂಜರಿದರೆ ಅದು ರಕ್ತವಲ್ಲ ಅಂತ ಧೈರ್ಯವಾಗಿ ಹೇಳಿ. ಸ್ನಾಯುವಿನಲ್ಲಿರುವ ಮಯೋಗ್ಲೋಬಿನ್ ಎಂಬ ಪ್ರೋಟೀನು ನೀರಿನೊಡನೆ ಸೇರಿ ಕೊಡುವ ಬಣ್ಣ ಅದು. ಗುಂಪಿನಲ್ಲಿ ಗರ್ಭಿಣಿಯರಿದ್ದರೆ, ಅಥವಾ ಯಾರಿಗಾದರೂ ಕೆಂಪು ಬೇಡವೇ ಬೇಡ ಅನ್ನಿಸಿದರೆ, ಅವರಿಗಾಗಿ ತೆಳುವಾದ ಒಂದು ತುಂಡನ್ನು ಬೇರೆಯಾಗಿ ವೆಲ್ ಡನ್ ಹೇಳಿ. ದಪ್ಪ ತುಂಡನ್ನು ಅಷ್ಟು ಬೇಯಿಸಲು ಹೊತ್ತು ಹಿಡಿಯುತ್ತದೆ. ವೆಲ್ ಡನ್ ಕೇಳಿದವರನ್ನು ಮೇಜಿನಲ್ಲಿ ಯಾರೂ ಆಡಿಕೊಳ್ಳದಂತೆ ನೋಡಿಕೊಳ್ಳಿ.

ಡ್ರೈ ಏಜ್ಡ್ ಅಂತ ಮೆನುವಿನಲ್ಲಿದ್ದರೆ, ಮಾಂಸವನ್ನು ಕೊರೆಯುವ ತಂಪಿನಲ್ಲಿ, ತೆರೆದ ಗಾಳಿಗೆ, ಮೂರು ನಾಲ್ಕು ವಾರ ಅಥವಾ ಇನ್ನೂ ಹೆಚ್ಚು ಇಟ್ಟಿದ್ದಾರೆ ಎಂದರ್ಥ. ನೀರು ಆರಿ ರುಚಿ ಗಟ್ಟಿಯಾಗುತ್ತದೆ, ಮಾಂಸದಲ್ಲೇ ಇರುವ ಕಿಣ್ವಗಳು ಅದನ್ನು ಮೆತ್ತಗೆ ಮಾಡುತ್ತವೆ. ವಾಸನೆ ಸ್ವಲ್ಪ ಗಾಢ. ಎರಡರಲ್ಲಿ ಒಂದು ತುಂಡನ್ನು ಇದರಲ್ಲಿ ತೆಗೆದುಕೊಂಡರೆ ಸಾಕು.

ಈಗ ಆ ಇಬ್ಬರು ಸಸ್ಯಾಹಾರಿಗಳು. 'ಸಲಾಡ್ ಇದೆಯಲ್ಲ' ಅಂದುಕೊಂಡು ಅವರನ್ನು ಕರೆದೊಯ್ಯಬೇಡಿ. ಸೀಸರ್ ಸಲಾಡಿನ ಡ್ರೆಸ್ಸಿಂಗಿನಲ್ಲಿ ಸಾಮಾನ್ಯವಾಗಿ ಆಂಚೊವಿ ಎಂಬ ಮೀನಿರುತ್ತದೆ. ವೂಸ್ಟರ್ ಸಾಸಿನಲ್ಲೂ ಅದೇ. ಫ್ರೆಂಚ್ ಈರುಳ್ಳಿ ಸೂಪಿಗೆ ದನದ ಮೂಳೆ ಕುದಿಸಿದ ನೀರೇ ಬುನಾದಿ. ಅಸಲಿ ಪಾರ್ಮೆಸಾನ್ ಚೀಸ್ ಮಾಡುವುದು ಕರುವಿನ ಹೊಟ್ಟೆಯಿಂದ ತೆಗೆದ, ಹಾಲು ಒಡೆಸುವ ರೆನೆಟ್ ಹಾಕಿ. ಕೆಲವು ಕಡೆ ಆಲೂಗಡ್ಡೆ ಫ್ರೈಸನ್ನು ದನದ ಕೊಬ್ಬಿನಲ್ಲೇ ಕರಿಯುತ್ತಾರೆ. ತರಕಾರಿಯನ್ನು ಮಾಂಸ ಸುಟ್ಟ ಅದೇ ಗ್ರಿಲ್ಲಿನ ಮೇಲೆ ಇಡುವುದೂ ಉಂಟು. ಇವನ್ನೆಲ್ಲ ಮೇಜಿನಲ್ಲಿ ಕೂತು ಒಂದೊಂದಾಗಿ ವಿಚಾರಿಸುವುದು ಅವರಿಗೂ ಮುಜುಗರ. ಟೇಬಲ್ ಕಾದಿರಿಸುವ ಫೋನಿನಲ್ಲೇ ಹೇಳಿ: ಇಬ್ಬರಿಗೆ ಬೇರೆ ಬಾಣಲೆಯಲ್ಲಿ ಮಾಡಿದ, ಹೊಟ್ಟೆ ತುಂಬುವ, ಮೆನುವಿನ ಉಳಿದ ಊಟಕ್ಕೆ ಸಮನಾದ ಒಂದು ಪದಾರ್ಥ ಬೇಕು. ಎರಡು ದಿನ ಮೊದಲೇ ಗೊತ್ತಾದರೆ ಯಾವ ಅಡುಗೆಯವನೂ ಇಲ್ಲ ಅನ್ನುವುದಿಲ್ಲ. ನಾವಂತೂ ಅಂಥ ತಟ್ಟೆಯನ್ನು ಆಸೆಯಿಂದ ಮಾಡುತ್ತಿದ್ದೆವು, ದಿನವಿಡೀ ಮಾಂಸ ಸುಡುವವರಿಗೆ ಅದೊಂದು ಬದಲಾವಣೆ.

ಅದೇ ಫೋನಿನಲ್ಲಿ ಇನ್ನೂ ಮೂರು ವಿಷಯ ಕೇಳಿಬಿಡಿ. ದೊಡ್ಡ ಗುಂಪಿಗೆ ನಿಗದಿತ ಮೆನು ಮಾತ್ರವೇ, ಕನಿಷ್ಠ ಇಷ್ಟು ಖರ್ಚಾಗಬೇಕು ಅನ್ನುವ ನಿಯಮವಿದೆಯೇ, ಬಿಲ್ಲಿಗೆ ಸರ್ವಿಸ್ ಚಾರ್ಜ್ ತಾನಾಗಿಯೇ ಸೇರುತ್ತದೆಯೇ.

ಪಕ್ಕಕ್ಕೆ ನಾಲ್ಕು ಪದಾರ್ಥ ಮೇಜಿನ ಮಧ್ಯಕ್ಕೆ ಬರಲಿ: ಒಂದು ಆಲೂಗಡ್ಡೆಯದು, ಒಂದು ಸೊಪ್ಪಿನದು, ಒಂದು ಅಣಬೆಯದು, ಒಂದು ಹುಳಿಯಾದದ್ದು. ಹುಳಿ ಮರೆಯಬೇಡಿ, ಅಷ್ಟು ನೆಣದ ನಡುವೆ ಬಾಯಿಗೆ ಅದು ಬೇಕಾಗುತ್ತದೆ.

ಬಡ್ತಿ ಸಿಕ್ಕಿದವರ ಬಗ್ಗೆ ಯಾರಾದರೂ ಮಾತಾಡುವವರಿದ್ದರೆ, ಮಾಂಸ ಮೇಜಿಗೆ ಬಂದ ಮೇಲೆ ಎದ್ದು ನಿಲ್ಲಬಾರದು. ದಪ್ಪ ತುಂಡನ್ನು ಗ್ರಿಲ್ಲಿನಿಂದ ಇಳಿಸಿದ ಮೇಲೆ ಸುಮಾರು ಹತ್ತು ನಿಮಿಷ ಸುಮ್ಮನೆ ಬಿಡುತ್ತಾರೆ, ಕೂಡಲೇ ಕೊಯ್ದರೆ ರಸವೆಲ್ಲ ಹಲಗೆಯ ಪಾಲು. ಆ ಹತ್ತು ನಿಮಿಷ ನಿಮ್ಮದು. 'ಗ್ರಿಲ್ಲಿನಿಂದ ಇಳಿದಾಗ ಒಂದು ಸನ್ನೆ ಮಾಡಿ' ಅಂತ ಬಡಿಸುವವರಿಗೆ ಮೊದಲೇ ಹೇಳಿಟ್ಟರೆ, ಚಪ್ಪಾಳೆ ನಿಲ್ಲುವ ಹೊತ್ತಿಗೆ ಹಲಗೆ ಬಂದು ಕೂರುತ್ತದೆ. ಮೂಳೆಯನ್ನೂ ಹಲಗೆಯ ಮೇಲೆಯೇ ತರಲು ಹೇಳಿ. ಅದಕ್ಕೆ ಅಂಟಿದ ಮಾಂಸದಷ್ಟು ರುಚಿ ಬೇರೆಲ್ಲೂ ಇಲ್ಲ, ಬಡ್ತಿ ಸಿಕ್ಕಿದವರನ್ನೇ ಮೊದಲು ಕೇಳಿ.