ಸ್ವಿಚ್ ಆಫ್, ಆದರೂ ಮೀಟರ್‌ನಲ್ಲಿ 70 ವೋಲ್ಟ್!

ಪ್ರಶ್ನೆ: ಹೊಸ ಡಿಜಿಟಲ್ ಮಲ್ಟಿಮೀಟರ್ ತಂದಿದ್ದೇನೆ. ಹಾಲ್‌ನ ಬಲ್ಬ್ ತೆಗೆದು, ಸ್ವಿಚ್ ಆಫ್ ಮಾಡಿ ಹೋಲ್ಡರ್‌ನಲ್ಲಿ ಅಳೆದರೆ 70 ವೋಲ್ಟ್ ಬರುತ್ತದೆ. ಸ್ವಿಚ್ ಹಾಕಿದರೆ 230. ಟೆಸ್ಟರ್ ಕೂಡ ಮಂಕಾಗಿ ಉರಿಯುತ್ತದೆ. ಎಲ್ಲೋ ಕರೆಂಟ್ ಲೀಕ್ ಆಗ್ತಿದೆಯಾ ಸಾರ್? ವೈರಿಂಗ್ ಪೂರ್ತಿ ಬದಲಿಸಬೇಕಾ?

ಉತ್ತರ: ಸದ್ಯಕ್ಕೆ ವೈರಿಂಗ್ ತಂಟೆಗೆ ಹೋಗಬೇಡಿ. ಆ 70 ವೋಲ್ಟ್‌ಗೆ ದಮ್ಮಿಲ್ಲದಿರುವ ಸಾಧ್ಯತೆಯೇ ಜಾಸ್ತಿ.

ಬಲ್ಬ್ ತೆಗೆದು ಸ್ವಿಚ್ ಆಫ್ ಮಾಡಿದಾಗ ಹೋಲ್ಡರ್‌ಗೆ ಹೋಗುವ ವೈರ್ ಯಾವ ಕಡೆಗೂ ಸೇರದೆ ಪೈಪ್‌ನೊಳಗೆ ಸುಮ್ನೆ ಬಿದ್ದಿರುತ್ತದೆ. ಅದರ ಮೈಗೆ ಅಂಟಿಕೊಂಡೇ ಫ್ಯಾನಿನ ಫೇಸ್ ವೈರ್ ಹೋಗಿರುತ್ತದೆ. ನಡುವೆ ಪ್ಲಾಸ್ಟಿಕ್ ಹೊದಿಕೆ. ಎರಡೂ ಸೇರಿ ಒಂದು ಪುಟ್ಟ ಕೆಪಾಸಿಟರ್ ಆಯಿತು. ಎಸಿ ಕರೆಂಟ್ ಚೂರೇ ಚೂರು ಅದರಲ್ಲಿ ದಾಟುತ್ತದೆ. ಡಿಜಿಟಲ್ ಮೀಟರ್‌ನ ಒಳಗಿನ ರೆಸಿಸ್ಟೆನ್ಸ್ ಸಾಮಾನ್ಯವಾಗಿ 10 ಮೆಗಾಓಮ್. 70 ವೋಲ್ಟ್ ತೋರಿಸಲು ಅದಕ್ಕೆ ಬರೀ 7 ಮೈಕ್ರೋಆಂಪಿಯರ್ ಸಾಕು. 60 ವ್ಯಾಟ್ ಬಲ್ಬ್ ಉರಿಯಲು ಕಾಲು ಆಂಪಿಯರ್ ಬೇಕು, ವ್ಯತ್ಯಾಸ ನೀವೇ ನೋಡಿ. ಟೆಸ್ಟರ್‌ನ ನಿಯಾನ್ ದೀಪಕ್ಕೂ ಇಷ್ಟು ಅಲ್ಪ ಕರೆಂಟ್ ಸಾಕಾಗುತ್ತದೆ.

ಪರೀಕ್ಷೆ ಮಾಡಿ ನೋಡಿ. ಮೇನ್ ಆಫ್ ಮಾಡಿ, ಹೋಲ್ಡರ್‌ಗೆ ಹಳೆಯ ಕಾಲದ ಫಿಲಮೆಂಟ್ ಬಲ್ಬ್ ಹಾಕಿ. ಎಲ್ಇಡಿ ಬಲ್ಬ್ ಇಲ್ಲಿ ಉಪಯೋಗಕ್ಕೆ ಬಾರದು. ಸೀಲಿಂಗ್ ರೋಸ್‌ನ (ಹೋಲ್ಡರ್‌ನ ವೈರ್ ಸೇರುವ, ಚಾವಣಿಯಲ್ಲಿರುವ ದುಂಡನೆಯ ಡಬ್ಬಿ) ಮುಚ್ಚಳ ಬಿಚ್ಚಿ. ಈಗ ಮೇನ್ ಆನ್, ಬಲ್ಬಿನ ಸ್ವಿಚ್ ಆಫ್. ರೋಸ್‌ನ ಎರಡು ಸ್ಕ್ರೂಗಳ ಮೇಲೆ ಮೀಟರ್‌ನ ಕಡ್ಡಿಗಳನ್ನು ಇಟ್ಟು ಅಳೆಯಿರಿ. 70 ಹೋಗಿ ಸೊನ್ನೆಯ ಹತ್ತಿರ ಬಂದರೆ ಅದು ಬರೀ ಪಕ್ಕದ ವೈರಿನ ಪ್ರಭಾವ. ಆಗಲೂ ವೋಲ್ಟೇಜ್ ಗಟ್ಟಿಯಾಗಿ ನಿಂತರೆ ನಿಜವಾಗಿಯೂ ಲೀಕ್ ಇದೆ, ಎಲೆಕ್ಟ್ರಿಷಿಯನ್ನನ್ನು ಕರೆಸಿ.

ಸೊನ್ನೆ ಬಂತು ಎಂದು ಅಲ್ಲಿಗೇ ಬಿಡಬೇಡಿ. ಬಲ್ಬ್ ಹಾಗೇ ಇರಲಿ. ಒಂದು ಕಡ್ಡಿಯನ್ನು ಅರ್ತ್‌ಗೆ ಇಟ್ಟು, ಇನ್ನೊಂದರಿಂದ ಎರಡೂ ಸ್ಕ್ರೂಗಳನ್ನು ಒಂದೊಂದಾಗಿ ನೋಡಿ. ಎರಡರಲ್ಲೂ 230 ಬಂತೋ, ಸ್ವಿಚ್ ಅನ್ನು ಫೇಸ್ ಬದಲು ನ್ಯೂಟ್ರಲ್‌ಗೆ ಹಾಕಿದ್ದಾರೆ ಎಂದರ್ಥ. ನನಗೆ ನಿಜವಾಗಿ ಹೆದರಿಕೆ ಇರುವುದು ಇದರ ಬಗ್ಗೆ. ಬಲ್ಬ್ ಆರಿರುತ್ತದೆ, ಹೋಲ್ಡರ್‌ನಲ್ಲಿ ಪೂರ್ತಿ ಕರೆಂಟ್ ಇರುತ್ತದೆ. ಆಫ್ ಆಗಿದೆ ಅಲ್ವಾ ಎಂದು ಕೈ ಹಾಕಿದವರಿಗೆ ಶಾಕ್ ಖಚಿತ. ಇದನ್ನು ಅಂದೇ ಸರಿಪಡಿಸಿಸಿ.

ಇನ್ನೊಂದು ಮಾತು. ಮೀಟರ್ ಸೊನ್ನೆ ತೋರಿಸಿದರೆ ತಕ್ಷಣ ನಂಬಬೇಡಿ. ಮೊದಲು ಕರೆಂಟ್ ಇರುವ ಸಾಕೆಟ್‌ನಲ್ಲಿ ನೋಡಿ, ಆಮೇಲೆ ಕೆಲಸದ ಜಾಗದಲ್ಲಿ, ಮತ್ತೆ ಅದೇ ಸಾಕೆಟ್‌ನಲ್ಲಿ. ಕಡ್ಡಿಯ ವೈರ್ ಒಳಗೇ ತುಂಡಾಗಿದ್ದರೂ ಮೀಟರ್ ಸೊನ್ನೆಯನ್ನೇ ತೋರಿಸಬಹುದು.

ಪ್ರಶ್ನೆ: ಸಾಕೆಟ್‌ನಲ್ಲಿ ವೋಲ್ಟ್ ನೋಡಲು ಹೋದಾಗ ಫಟ್ ಎಂದು ಕಿಡಿ ಹಾರಿತು. ನಾಬ್ ಸರಿಯಾಗಿ ಎಸಿ ವೋಲ್ಟ್‌ನಲ್ಲೇ ಇತ್ತು.

ಉತ್ತರ: ಕೆಂಪು ವೈರ್ ಯಾವ ತೂತಿನಲ್ಲಿತ್ತು, ನೋಡಿ. 10 ಆಂಪಿಯರ್ ತೂತಿನಲ್ಲಿ ಇದ್ದಿರಬೇಕು. ಆ ತೂತಿಗೂ ಕಪ್ಪು ವೈರಿನ ತೂತಿಗೂ ನಡುವೆ ಇರುವುದು ಒಂದು ದಪ್ಪ ಲೋಹದ ತುಂಡು, ರೆಸಿಸ್ಟೆನ್ಸ್ ಇಲ್ಲವೆಂದೇ ಹೇಳಬೇಕು. ನಾಬ್ ಎಲ್ಲೇ ಇರಲಿ, ಸಾಕೆಟ್‌ಗೆ ಇಟ್ಟರೆ ನೇರ ಶಾರ್ಟ್. ಎಷ್ಟೋ ಅಗ್ಗದ ಮೀಟರ್‌ಗಳಲ್ಲಿ ಆ ತೂತಿಗೆ ಫ್ಯೂಸ್ ಕೂಡ ಇರುವುದಿಲ್ಲ. ಕರಕಲಾದ ಕಡ್ಡಿಗಳನ್ನು ಎಸೆಯಿರಿ. ಆ ಮೀಟರನ್ನು ಇನ್ನು ಬ್ಯಾಟರಿ ಕೆಲಸಕ್ಕೆ ಮಾತ್ರ ಇಟ್ಟುಕೊಳ್ಳಿ. ಮನೆಯ ಲೈನಿಗೆ ಕ್ಯಾಟ್ 3 (CAT III, ಮೀಟರ್‌ನ ಸುರಕ್ಷತಾ ದರ್ಜೆ), 600 ವೋಲ್ಟ್ ಎಂದು ಗುರುತಿರುವ, 10 ಆಂಪಿಯರ್ ಮತ್ತು ಮಿಲಿಆಂಪಿಯರ್ ಎರಡೂ ತೂತುಗಳಿಗೆ ಫ್ಯೂಸ್ ಇರುವ ಮೀಟರ್ ತೆಗೆದುಕೊಳ್ಳಿ.