ಬಾಯಿ ಬಿಟ್ಟು ಹೇಳಿ: ಮಣ್ಣಿನ ಪೈಪು ಕಚ್ಚಿದ ಹಲ್ಲು

(ಹಲ್ಲು, ಒಸಡು, ಬಾಯಿಗೆ ಸಂಬಂಧಿಸಿದ ಓದುಗರ ಪ್ರಶ್ನೆಗಳಿಗೆ ನಮ್ಮ ದಂತವೈದ್ಯೆಯ ಉತ್ತರ)

ಪ್ರಶ್ನೆ: ನಮಸ್ತೆ ಮೇಡಂ. ನಾವು ಹಾಸನದ ಕಡೆಯವರು, ಈಗ ಇಂಗ್ಲೆಂಡಿನ ಶ್ರಾಪ್‌ಶರ್‌ನಲ್ಲಿದ್ದೇವೆ. ಇಲ್ಲಿ ಹಳೇ ಕಾಲದ ಯುದ್ಧಗಳನ್ನು ವೇಷ ಕಟ್ಟಿ ಆಡಿ ತೋರಿಸುವ ಗುಂಪುಗಳಿವೆ. ನಮ್ಮ ಮನೆಯವರು ಅಂಥ ಒಂದು ಗುಂಪು ಸೇರಿ 1640ರ ದಶಕದ ಈಟಿ ಸೈನಿಕನ ವೇಷ ಹಾಕುತ್ತಾರೆ. ವೇಷದ ಜೊತೆಗೆ ಬಿಳಿ ಮಣ್ಣಿನ ಪೈಪೂ ಬಂತು. ನಾಲ್ಕು ಇಂಚಿನ ಮೋಟು ಪೈಪು. ಈಟಿಗೆ ಎರಡೂ ಕೈ ಬೇಕು ಅಂತ ಅದನ್ನು ಹಲ್ಲಲ್ಲೇ ಕಚ್ಚಿಕೊಂಡು ಸೇದುತ್ತಾರೆ. ಈಗ ಎಡಗಡೆ ಮೇಲಿನ ಕೋರೆಹಲ್ಲಿನ ಪಕ್ಕದ ಹಲ್ಲಿನಲ್ಲಿ ಚಕ್ಕೆ ಎದ್ದಿದೆ. ತಣ್ಣೀರು ಕುಡಿದರೆ ಜುಮ್ ಅನ್ನುತ್ತದಂತೆ. ‘ಕೊಳವೆಗೆ ಇನ್ಸುಲೇಷನ್ ಟೇಪು ಸುತ್ತಿದ್ದೀನಿ, ಇನ್ನೇನೂ ಆಗಲ್ಲ’ ಅನ್ನುತ್ತಾರೆ. ಗುಂಪಿನಲ್ಲಿ ಒಂದೇ ಪೈಪು ಕೈಯಿಂದ ಕೈಗೆ ಹೋಗುವುದೂ ಉಂಟು. ತುದಿ ಮುರಿದುಕೊಂಡರೆ ಶುದ್ಧವಂತೆ! ನೀವೇ ಬುದ್ಧಿ ಹೇಳಿ.

ಉತ್ತರ: ಆ ಟೇಪನ್ನು ಇವತ್ತೇ ಕಿತ್ತು ಹಾಕಿಸಿ ತಾಯಿ. ಅದು ವೈರಿಗೆ ಸುತ್ತಲು ಮಾಡಿದ್ದು, ಬಾಯಿಗಲ್ಲ. ಬಿಸಿಗೆ ಅಂಟು ಇಳಿದು ನೇರ ನಾಲಿಗೆಗೆ ಬರುತ್ತದೆ.

ಎನಾಮೆಲ್ ಅಂತೀವಲ್ಲ, ಹಲ್ಲಿನ ಹೊರಪದರ, ನಮ್ಮ ಮೈಯಲ್ಲಿ ಅದಕ್ಕಿಂತ ಗಟ್ಟಿಯಾದದ್ದು ಇನ್ನೊಂದಿಲ್ಲ. ಆದರೂ ಸುಟ್ಟ ಮಣ್ಣಿನ ಮುಂದೆ ಅದರ ಆಟ ನಡೆಯುವುದಿಲ್ಲ. ಮಣ್ಣಿನಲ್ಲಿ ಬೆಣಚುಕಲ್ಲಿನ ನುಣ್ಣನೆ ಹರಳುಗಳಿರುತ್ತವೆ. ಕಲ್ಲುಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಎನಾಮೆಲ್ 5ರ ಆಸುಪಾಸು, ಬೆಣಚು 7. ಪೈಪು ಬಾಯಲ್ಲಿ ಸುಮ್ನೆ ಕೂರುವುದೂ ಇಲ್ಲ. ಮಾತಾಡಿದರೆ ಅಲುಗುತ್ತದೆ, ನಡೆದರೆ ಕುಲುಕುತ್ತದೆ, ಪ್ರತಿ ಸಲವೂ ಒಂಚೂರು ಉಜ್ಜುತ್ತದೆ. ಹೋದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ.

ಇದು ನಿಮ್ಮೂರಿನ ಹಳೇ ಕಥೆ. ನಿಮ್ಮ ಜಿಲ್ಲೆಯಲ್ಲೇ ಬ್ರೋಸ್ಲಿ ಅಂತ ಒಂದು ಊರಿದೆ. ಹದಿನೇಳನೇ ಶತಮಾನದಿಂದಲೂ ಮಣ್ಣಿನ ಪೈಪಿಗೆ ಹೆಸರಾದ ಊರು. ಅಲ್ಲಿನ ಒಂದು ಪೈಪು ಕಾರ್ಖಾನೆ ಈಗ ಮ್ಯೂಸಿಯಂ. ತೆರೆದಿದೆಯೇ ಅಂತ ವಿಚಾರಿಸಿಕೊಂಡು ಯಜಮಾನರನ್ನು ಒಂದು ದಿನ ಕರೆದುಕೊಂಡು ಹೋಗಿ. ಪೈಪು ಮಾಡುತ್ತಿದ್ದ ರೀತಿ ನೋಡುವಂಥದ್ದು. ಮಣ್ಣನ್ನು ಕೈಯಲ್ಲಿ ಹೊಸೆದು ಒಂದು ತುದಿಗೆ ಗುಂಡು, ಉಳಿದದ್ದು ಬಾಲ. ಆ ಬಾಲದ ನಡುವೆ ಎಣ್ಣೆ ಸವರಿದ ತಂತಿಯನ್ನು ತೂರಿಸಬೇಕು. ಗೋಡೆ ಒಡೆದು ತಂತಿ ಹೊರಗೆ ಬಂದರೆ ಕೆಲಸ ಕೆಟ್ಟಿತು. ಆಮೇಲೆ ಎರಡು ಹೋಳಿನ ಕಬ್ಬಿಣದ ಅಚ್ಚಿನಲ್ಲಿ ಒತ್ತಿ, ಗುಂಡಿನ ಕಡೆ ಬಟ್ಟಲು ಕೊರೆದು, ಒಣಗಿಸಿ, ಭಟ್ಟಿಗೆ ಹಾಕುವುದು. ಕೆಲಸಗಾರರಲ್ಲಿ ಹೆಂಗಸರು, ಮಕ್ಕಳೂ ಇರುತ್ತಿದ್ದರು.

ಸುಟ್ಟ ಮೇಲೆ ಆ ಕೊಳವೆಯ ತುದಿ ತುಟಿಗೆ ಅಂಟುತ್ತದೆ. ಹೊಸ ಮಣ್ಣಿನ ಕುಡಿಕೆಗೆ ನಾಲಿಗೆ ತಾಕಿಸಿದರೆ ಹಿಡಿದುಕೊಳ್ಳುವುದಿಲ್ಲವೇ, ಹಾಗೆ. ಎಳೆದರೆ ತುಟಿಯ ಸಿಪ್ಪೆಯೇ ಬರುತ್ತದೆ. ಅದಕ್ಕೇ ಮಾಡುವವರು ತುದಿಗೆ ಕೆಂಪು ಅರಗನ್ನೋ, ಹಸಿರು ಅಥವಾ ಹಳದಿ ಗಾಜಿನ ಹೊಳಪನ್ನೋ ಕೊಡುತ್ತಿದ್ದರು. ಸೇದುವವರು ತಾವೇ ದಾರ ಸುತ್ತಿಕೊಳ್ಳುತ್ತಿದ್ದರು. ಅರಗು ತುಟಿಯನ್ನು ಕಾಪಾಡುತ್ತಿತ್ತು, ದಾರ ಹಲ್ಲಿಗೆ ಸ್ವಲ್ಪ ಮೆತ್ತೆಯಾಗುತ್ತಿತ್ತು. ಆದರೆ ಎರಡೂ ಬೇಗ ಸವೆಯುತ್ತವೆ. ಎಂಜಲಲ್ಲಿ ನೆನೆದ ದಾರದ ವಾಸನೆ ಹೇಗಿರುತ್ತದೆ ಅಂತ ನಾನು ವರ್ಣಿಸಬೇಕಾಗಿಲ್ಲ.

ಕಚ್ಚಿದ್ದರ ಫಲ ಏನು ಅಂತ ಲಂಡನ್ನಿನಲ್ಲಿ ಎಲುಬುಗಳೇ ತೋರಿಸಿವೆ. ವೈಟ್‌ಚಾಪೆಲ್‌ನಲ್ಲಿ 1843ರಿಂದ 1854ರವರೆಗೆ ಬಳಕೆಯಲ್ಲಿದ್ದ ಒಂದು ಸ್ಮಶಾನವನ್ನು ಅಗೆದು ಪರೀಕ್ಷೆ ಮಾಡಿದ್ದಾರೆ. ಹೆಚ್ಚಿನವರು ಬಡ ದುಡಿಮೆಗಾರರು. ಅನೇಕರ ಹಲ್ಲುಗಳಲ್ಲಿ ದುಂಡನೆ ಕಚ್ಚು ಬಿದ್ದಿತ್ತು. ಮೇಲಿನ ಹಲ್ಲಲ್ಲಿ ಅರ್ಧ ಚಂದ್ರ, ಕೆಳಗಿನ ಹಲ್ಲಲ್ಲಿ ಅರ್ಧ ಚಂದ್ರ. ದವಡೆ ಮುಚ್ಚಿದರೆ ಪೈಪಿನ ಕೊಳವೆ ಹಿಡಿಯುವಷ್ಟು ಒಂದು ತೂತು! ಸಾಮಾನ್ಯವಾಗಿ ಕೋರೆಹಲ್ಲಿನ ಅಕ್ಕಪಕ್ಕ, ನಿಮ್ಮ ಯಜಮಾನರದ್ದು ಇರುವ ಜಾಗದಲ್ಲೇ. ಒಂದು ಕಡೆ ಸವೆದು ಹಿಡಿತ ಸಿಗದೆ ಇನ್ನೊಂದು ಕಡೆಗೆ ಬದಲಾಯಿಸಿದವರ ಬಾಯಲ್ಲಿ ಎರಡೆರಡು ತೂತು.

ಅಷ್ಟು ಸವೆದರೂ ಅವರಿಗೆ ನೋಯುತ್ತಿರಲಿಲ್ಲವೇ ಅಂತ ನೀವು ಕೇಳಬಹುದು. ಸವೆತ ನಿಧಾನವಾಗಿದ್ದರೆ ಹಲ್ಲು ಒಳಗಿನಿಂದ ಹೊಸ ಗೋಡೆ ಕಟ್ಟಿಕೊಳ್ಳುತ್ತದೆ. ಎನಾಮೆಲ್ಲಿನ ಕೆಳಗಿನ ಡೆಂಟೀನ್ ಒಳಮುಖವಾಗಿ ದಪ್ಪವಾಗುತ್ತಾ ನರ ಹಿಂದಕ್ಕೆ ಸರಿಯುತ್ತದೆ. ನಿಮ್ಮವರದ್ದು ಹಾಗಲ್ಲ. ಒಮ್ಮೆಲೇ ಚಕ್ಕೆ ಎದ್ದಿದೆ, ಗೋಡೆ ಕಟ್ಟಲು ಹಲ್ಲಿಗೆ ಪುರುಸೊತ್ತು ಸಿಕ್ಕಿಲ್ಲ. ಜುಮ್ ಅನ್ನುವುದು ಅದಕ್ಕೇ.

ಇನ್ನು ಬಹಳ ಮುಖ್ಯವಾದ ಮಾತು. ಇದನ್ನು ಯಜಮಾನರಿಗೆ ಓದಿ ಹೇಳಿ. ಅವರ ಸೈನಿಕ 1640ರವನು, ಪೈಪು 1840ರದ್ದು! ಹಲ್ಲಲ್ಲಿ ಕಚ್ಚುವ ಮೋಟು ಪೈಪಿನ ಕಾಲ ಹತ್ತೊಂಬತ್ತನೇ ಶತಮಾನ. ಹಡಗುಕಟ್ಟೆಯಲ್ಲಿ, ರಸ್ತೆ ಕೆಲಸದಲ್ಲಿ ಕೈ ಬಿಡುವಿಲ್ಲದವರು ಅದನ್ನು ಕಚ್ಚಿದರು. 1640ರ ಹೊತ್ತಿಗೆ ಪೈಪಿನ ಬಟ್ಟಲು ಪುಟ್ಟದು, ಹೊಗೆಸೊಪ್ಪು ದುಬಾರಿಯಾಗಿದ್ದ ದಿನಗಳ ಗಾತ್ರ. ಕೊಳವೆ ಮಾತ್ರ ಮಾರುದ್ದವಲ್ಲದಿದ್ದರೂ ಗೇಣಿಗಿಂತ ಜಾಸ್ತಿ. ಅದನ್ನು ಹಲ್ಲಲ್ಲಿ ಕಚ್ಚಿ ನಡೆದರೆ ಪಟ್ ಅಂತ ಮುರಿಯುತ್ತದೆ. ಕೈಯಲ್ಲಿ ಹಿಡಿದು ಕೂತು ಸೇದಬೇಕು. ಈಟಿ ಕೆಳಗಿಟ್ಟ ಮೇಲೆ ಪೈಪು, ಈಟಿ ಎತ್ತಿದ ಮೇಲೆ ಪೈಪಿಲ್ಲ. ಇತಿಹಾಸಕ್ಕೂ ಸರಿ, ಹಲ್ಲಿಗೂ ಸರಿ. ವೇಷದ ಗುಂಡಿಯೂ ಆ ಕಾಲದ್ದೇ ಆಗಬೇಕು ಅನ್ನುವ ಜನ ಇವರು, ಈ ಮಾತಿಗೆ ಬೀಳುತ್ತಾರೆ ಅಂತ ನನ್ನ ನಂಬಿಕೆ.

ತುದಿ ಮುರಿದು ಶುದ್ಧ ಮಾಡುವ ಕಥೆಯನ್ನು ಪ್ರವಾಸಿಗಳಿಗೆ ಚೆನ್ನಾಗಿ ಹೇಳುತ್ತಾರೆ, ಆದರೆ ಅದಕ್ಕೆ ಗಟ್ಟಿ ಆಧಾರವಿಲ್ಲ. ಮಣ್ಣಿನ ಕೊಳವೆ ತಾನೇ ಮುರಿಯುತ್ತದೆ, ಅದಕ್ಕೇ ನೆಲದಲ್ಲಿ ಅಷ್ಟೊಂದು ತುಂಡು ಸಿಗುವುದು. ಹೋಟೆಲುಗಳಲ್ಲಿ ಬೇರೆ ಉಪಾಯವಿತ್ತು. ಬಳಸಿದ ಪೈಪುಗಳನ್ನು ಕಬ್ಬಿಣದ ಚೌಕಟ್ಟಿನಲ್ಲಿ ಜೋಡಿಸಿ ಒಲೆಗೆ ಇಟ್ಟರೆ ಕಪ್ಪು, ಎಂಜಲು ಎಲ್ಲ ಸುಟ್ಟು ಮತ್ತೆ ಬೆಳ್ಳಗಾಗುತ್ತಿದ್ದವು. ನಿಮ್ಮವರು ಅದನ್ನೆಲ್ಲ ಮಾಡುವುದು ಬೇಡ. ಅವರ ಪೈಪು ಅವರಿಗೆ, ಅಷ್ಟೆ.

ಅಷ್ಟಾದರೂ ಕಚ್ಚಿಯೇ ತೀರುತ್ತೇನೆ ಅಂದರೆ, ಆಹಾರಕ್ಕೆ ಬಳಸುವ ದರ್ಜೆಯ ಸಿಲಿಕೋನ್ ಟ್ಯೂಬ್ ಸಿಗುತ್ತದೆ. ಕೊಳವೆಯ ತುದಿಯ ದಪ್ಪ ಅಳೆದು, ಬಿಗಿಯಾಗಿ ಕೂರುವಂಥದ್ದನ್ನು ಎರಡು ಸೆಂಟಿಮೀಟರ್ ಕತ್ತರಿಸಿ ತೊಡಿಸಿ. ಬಟ್ಟಲಿನ ಕಡೆಗೆ ಬೇಡ, ಅಲ್ಲಿ ಬಿಸಿ. ದಿನವೂ ಬಿಚ್ಚಿ ಸೋಪಿನಲ್ಲಿ ತೊಳೆಯಬೇಕು. ಹಲ್ಲಿನ ಗುರುತು ಬಿದ್ದ ಕೂಡಲೇ ಬದಲಾಯಿಸಬೇಕು. ಹೊಸ ಪೈಪಿನ ತುದಿಯನ್ನು ಮೊದಲು ಬೆರಳಲ್ಲಿ ಸವರಿ ನೋಡಲಿ. ತಂತಿ ಹೊರಬಂದ ಕಡೆ ಚೂಪು ಇದ್ದರೆ ನುಣ್ಣನೆ ಉಪ್ಪುಕಾಗದ ಒದ್ದೆ ಮಾಡಿ ಉಜ್ಜಬೇಕು. ತುಟಿಗೆ ಇಡುವ ಮುಂಚೆ ತುದಿ ನೀರಲ್ಲಿ ನೆನೆಸಿದರೆ ಅಂಟುವುದಿಲ್ಲ.

ಚಕ್ಕೆ ಎದ್ದ ಹಲ್ಲನ್ನು ಅಲ್ಲಿನ ದಂತವೈದ್ಯರಿಗೆ ತೋರಿಸಿ. ಕಾಂಪೋಸಿಟ್ ಅನ್ನುವ, ಹಲ್ಲಿನದೇ ಬಣ್ಣದ ತುಂಬುವ ವಸ್ತು ಹಾಕಿ ಮುಚ್ಚುತ್ತಾರೆ. ಅದರ ಮೇಲೆ ಮತ್ತೆ ಪೈಪು ಕಚ್ಚಿದರೆ ಅದೂ ಉದುರುತ್ತದೆ.

ನೀವು ಕೇಳದ ಒಂದು ಮಾತನ್ನೂ ಹೇಳುತ್ತೇನೆ. ಟಾರ್ಚು ಹಿಡಿದು ಅವರ ಅಂಗುಳ ನೋಡಿ, ಅಂದರೆ ಬಾಯಿಯ ಮೇಲ್ಛಾವಣಿ. ಬೆಳ್ಳಗೆ ದಪ್ಪಗಾಗಿ ನಡುನಡುವೆ ಕೆಂಪು ಚುಕ್ಕೆ ಕಂಡರೆ ಅದು ಪೈಪು ಸೇದುವವರಲ್ಲಿ ಬಿಸಿ ಹೊಗೆಗೆ ಆಗುವ ಬದಲಾವಣೆ. ಬಿಟ್ಟರೆ ಸಾಮಾನ್ಯವಾಗಿ ಇಳಿಯುತ್ತದೆ. ತುಟಿಯಲ್ಲೋ ನಾಲಿಗೆಯಲ್ಲೋ ಹುಣ್ಣು ಎರಡು ವಾರ ದಾಟಿಯೂ ಮಾಯದಿದ್ದರೆ ತಡ ಮಾಡಬೇಡಿ. ‘ಹೊಗೆ ಒಳಗೆ ಎಳೆಯಲ್ಲ, ವಾರಕ್ಕೊಂದು ಸಲ ತಾನೇ’ ಅನ್ನುವ ವಾದ ನನ್ನ ಹತ್ತಿರ ನಡೆಯುವುದಿಲ್ಲ. ಒಳಗೆ ಎಳೆಯದಿದ್ದರೂ ಬಾಯಿಗೆ ಹೊಗೆ ಬರುತ್ತದೆ ಅಲ್ವಾ? ಯಾವ ರಬ್ಬರು, ಯಾವ ಅರಗು ಅದನ್ನು ತಡೆಯುವುದಿಲ್ಲ. ಮೈದಾನದ ಆಚೆ ನಿಂತ ಪ್ರೇಕ್ಷಕರಿಗೆ ಖಾಲಿ ಪೈಪೂ ಒಂದೇ, ಉರಿಯುವ ಪೈಪೂ ಒಂದೇ.

ಪ್ರಶ್ನೆ: ಧಾರವಾಡದ ನಮ್ಮ ಹವ್ಯಾಸಿ ತಂಡದ ನಾಟಕದಲ್ಲಿ ನಾನು ಬ್ರಿಟಿಷ್ ಕಲೆಕ್ಟರ್. ಕುಂಬಾರರ ಹತ್ತಿರ ಮಣ್ಣಿನ ಪೈಪು ಮಾಡಿಸಿದ್ದೇವೆ. ಹೊಗೆ ಇಲ್ಲ, ಸುಮ್ನೆ ಬಾಯಲ್ಲಿ ಇರಬೇಕು. ಡೈಲಾಗ್ ಹೇಳುವಾಗ ಹಲ್ಲಿಗೆ ಕಟಕಟ ಬಡಿಯುತ್ತದೆ. ಏನು ಮಾಡಲಿ?

ಉತ್ತರ: ಪೈಪು ಬಾಯಲ್ಲಿಟ್ಟುಕೊಂಡು ಡೈಲಾಗ್ ಹೇಳಿದರೆ ಹಿಂದಿನ ಸಾಲಿನವರಿಗೆ ಏನು ಕೇಳೀತು ಸಾರ್? ಮಾತಿಗೆ ಮುಂಚೆ ಕೈಗೆ ತೆಗೆದುಕೊಳ್ಳಿ. ಸಾಹೇಬನ ಗತ್ತು ಕೈಯಲ್ಲಿದ್ದಾಗಲೇ ಜಾಸ್ತಿ. ಬಟ್ಟಲು ಮಣ್ಣಿನದೇ ಇರಲಿ, ಕೊಳವೆಗೆ ಸಣ್ಣ ಬಿದಿರು ಹಾಕಿಸಿ. ನುಣ್ಣಗೆ ಉಜ್ಜಿ ತುದಿಗೆ ಜೇನುಮೇಣ ಸವರಿ. ಮೇಲೆ ಬಿಳಿ ಬಣ್ಣ ಬಳಿದರೆ ಬಾಯಿಗೆ ತಾಕುವ ಕಡೆ ಮಾತ್ರ ಬೇಡ.

ಪ್ರಶ್ನೆ: ನಮ್ಮ ತಾತ ಸಾಯುವ ತನಕ ಚಿಲುಮೆ ಸೇದಿದರು. ಅದೂ ಮಣ್ಣಿನದೇ. ಹಲ್ಲು ಒಂದೂ ಸವೆದಿರಲಿಲ್ಲ. ಅಂದರೆ ಚಿಲುಮೆ ಒಳ್ಳೆಯದಾ? (ಹಿರಿಯೂರು)

ಉತ್ತರ: ತಾತ ಚಿಲುಮೆಯನ್ನು ಹೇಗೆ ಹಿಡಿಯುತ್ತಿದ್ದರು, ನೆನಪು ಮಾಡಿಕೊಳ್ಳಿ. ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ, ಎರಡೂ ಕೈ ಮುಷ್ಟಿ ಮಾಡಿ, ಹೆಬ್ಬೆರಳಿನ ಸಂದಿಯಿಂದ ಎಳೆಯುವುದು. ಮಣ್ಣು ಹಲ್ಲಿಗೆ ಮುಟ್ಟುವುದೇ ಇಲ್ಲ, ಹಾಗಾಗಿ ಸವೆತವಿಲ್ಲ. ಸವೆತವಿಲ್ಲ ಅಂದಮಾತ್ರಕ್ಕೆ ಒಳ್ಳೆಯದಾಗುವುದಿಲ್ಲ. ಆ ಒದ್ದೆ ಬಟ್ಟೆ ಯಾವ ಬಣ್ಣಕ್ಕೆ ತಿರುಗುತ್ತಿತ್ತು ಅಂತಲೂ ನೆನಪಿರಬೇಕಲ್ಲ? ಬಟ್ಟೆಗೆ ಹಿಡಿದದ್ದು ಒಂದು ಪಾಲು, ಉಳಿದದ್ದು ತಾತನ ಒಸಡಿಗೆ, ಗಂಟಲಿಗೆ, ಶ್ವಾಸಕೋಶಕ್ಕೆ.

ಪ್ರಶ್ನೆ: ನಾನು ಬ್ಲೌಸ್ ಹೊಲಿಯುವವಳು. ಹೊಗೆಸೊಪ್ಪು ಮುಟ್ಟಿದವಳಲ್ಲ. ಆದರೂ ಮುಂದಿನ ಬಾಚಿಹಲ್ಲಿನ ಅಂಚಿನಲ್ಲಿ ಸಣ್ಣ ಕಚ್ಚು ಬಿದ್ದಿದೆ. ಯಾಕೆ? (ತಿಪಟೂರು)

ಉತ್ತರ: ದಾರ ಹಲ್ಲಲ್ಲಿ ಕಡಿಯುತ್ತೀರಿ, ಗುಂಡುಪಿನ್ನು ಬಾಯಲ್ಲಿ ಕಚ್ಚುತ್ತೀರಿ, ಹೌದಾ? ಟೈಲರುಗಳಲ್ಲಿ, ಮೊಳೆ ಕಚ್ಚಿಕೊಳ್ಳುವ ಬಡಗಿಗಳಲ್ಲಿ, ಹೇರ್‌ಪಿನ್ನು ಹಲ್ಲಲ್ಲಿ ಅಗಲಿಸುವವರಲ್ಲಿ ಇದೇ ಕಚ್ಚು ನೋಡುತ್ತೇವೆ. ಪೈಪಿನದ್ದು ದೊಡ್ಡದು, ದುಂಡಗೆ. ನಿಮ್ಮದು ಕಿರಿದು. ಜುಮ್ ಅನ್ನದಿದ್ದರೆ ಗಾಬರಿ ಬೇಡ, ಅಂದಕ್ಕೆ ಬೇಕಿದ್ದರೆ ತುಂಬಿಸಿಕೊಳ್ಳಬಹುದು. ಪುಟ್ಟ ಕತ್ತರಿಗೆ ಲಾಡಿ ಕಟ್ಟಿ ಕೊರಳಿಗೆ ಹಾಕಿಕೊಳ್ಳಿ, ಪಿನ್ನು ಚುಚ್ಚಲು ಮಣಿಕಟ್ಟಿಗೆ ಒಂದು ಬಟ್ಟೆಯ ಮೆತ್ತೆ ಹೊಲಿದುಕೊಳ್ಳಿ. ಅದು ನಿಮಗೆ ಎಷ್ಟು ಹೊತ್ತಿನ ಕೆಲಸ!